ದೊಡ್ಡಮ್ಮ ನೋಡಿದ ಹಳೇಬೀಡು

ನಮ್ಮ ದಾವಣಗೆರೆ ಕಡೆಯ ಶಾಲೆಗಳಲ್ಲಿ ಬೇಲೂರು ಹಳೇಬೀಡನ್ನು ಒಂದೇ ಊರೆಂಬಂತೆ ಒಂದೇ ಉಸಿರಿಗೆ ಹೇಳುವುದು ರೂಢಿ. ರಾತ್ರಿ ಊಟ ಮುಗಿಸಿ ಬಸ್ಸು ಹತ್ತಿದರೆ ಬೆಳಗಾಗುವ ಹೊತ್ತಿಗೆ ಶ್ರವಣಬೆಳಗೊಳ, ಮಧ್ಯಾಹ್ನ ಹಳೇಬೀಡು, ಸಂಜೆಗೆ ಬೇಲೂರು, ಮತ್ತೆ ರಾತ್ರಿಯಿಡೀ ಪ್ರಯಾಣ. ತೊಂಬತ್ತರ ದಶಕದಲ್ಲಿ ನಾನು ಖಾಸಗಿ ಪ್ರೌಢಶಾಲೆಯೊಂದಕ್ಕೆ ಕನ್ನಡ ಪಾಠ ಮಾಡಲು ಸೇರಿದ ಹೊಸತರಲ್ಲಿ ಅಂಥದೊಂದು ಪ್ರವಾಸದ ಜೊತೆಗೆ ಹೋಗಿದ್ದೆ. ಹಳೇಬೀಡಿನಲ್ಲಿ ನಮಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಚಪ್ಪಲಿ ಬಿಡಿಸಿ, ಸಾಲು ಕಟ್ಟಿಸಿ, ಒಳಗೆ ಹೋಗಿ ಬರುವುದರಲ್ಲೇ ಅರ್ಧ ಹೊತ್ತು ಕಳೆಯಿತು. ಎಂಟನೇ ತರಗತಿಯ ಹುಡುಗಿಯೊಬ್ಬಳು ಹೊರಗೋಡೆಯ ಮುಂದೆ ನಿಂತುಬಿಟ್ಟಿದ್ದಳು. "ಮಿಸ್, ಈ ಬಿಲ್ಲು ಹಿಡ್ಕೊಂಡಿರೋನು ಯಾರು?" ಎಂದಳು. ನಾನು ಬಗ್ಗಿ ನೋಡುವಷ್ಟರಲ್ಲಿ ದೈಹಿಕ ಶಿಕ್ಷಕರ ಸೀಟಿ ಕೇಳಿಸಿತು. ಆ ಬಿಲ್ಲುಗಾರ ಯಾರೆಂದು ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಆ ಗೋಡೆಯ ಮುಂದೆ ಸೀಟಿಯಿಲ್ಲದೆ ನಿಲ್ಲಬೇಕು ಅನ್ನುವ ಆಸೆ ಅಲ್ಲಿಂದಲೇ ಹತ್ತಿಕೊಂಡಿತು. ಒಬ್ಬಳೇ ಅಲ್ಲ, ಅಮ್ಮನನ್ನೂ ಅಮ್ಮನ ಅಕ್ಕನನ್ನೂ ಕರೆದುಕೊಂಡು. ದೊಡ್ಡಮ್ಮ ಹರಿಹರದ ಹತ್ತಿರದ ಹಳ್ಳಿಯಲ್ಲಿ ಹೊಲ ನೋಡಿಕೊಂಡು ಇದ್ದವರು. ಅಕ್ಷರ ಬಾರದು, ಆದರೆ ಹರಿಕಥೆ, ಬಯಲಾಟ, ಪುರಾಣಶ್ರವಣ ಒಂದನ್ನೂ ಬಿಟ್ಟವರಲ್ಲ. ಅವರು ನೋಡಿದ ದೂರದ ಊರೆಂದರೆ ಧರ್ಮಸ್ಥಳ ಒಂದೇ. ಬಾಡಿಗೆ ಕಾರಿಗೆ ಕೇಳಿದ ದುಡ್ಡು ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಟೂರ್ ಬಸ್ಸಿನದು ಕಡಿಮೆ, ಆದರೆ ಅದೂ ಒಂದೇ ದಿನದ ಓಟ. ನಮ್ಮ ಶಾಲೆಯ ಇತಿಹಾಸದ ಮೇಷ್ಟ್ರ ಹತ್ತಿರ ಇದನ್ನು ಹೇಳಿಕೊಂಡಾಗ ಅವರು, "ಮೇಡಂ, ಕಾರಿಗೆ ದುಡ್ಡಿಲ್ಲದವರು ದಿನ ಖರ್ಚು ಮಾಡಬೇಕು. ದಸರಾ ರಜೆ ಇದೆಯಲ್ಲ, ಖರ್ಚು ಮಾಡಿ" ಅಂದರು. ಇಡೀ ಯೋಜನೆ ನಿಂತದ್ದು ಆ ಮಾತಿನ ಮೇಲೆ.

ಯೋಜನೆ ಅಂದರೆ ಹಳೆಯ ಪಾಠಟಿಪ್ಪಣಿ ಪುಸ್ತಕದ ಕೊನೆಯ ನಾಲ್ಕು ಹಾಳೆ. ದಾವಣಗೆರೆ ರೈಲ್ವೆ ನಿಲ್ದಾಣದಲ್ಲಿ ಪ್ಯಾಸೆಂಜರ್ ಗಾಡಿಯ ವೇಳೆ ಬರೆದುಕೊಂಡೆ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೇಳಿದ್ದಕ್ಕೆ, ಹಾಸನ ಜಿಲ್ಲೆಯ ಒಳದಾರಿಯ ಬಸ್ಸುಗಳನ್ನು ಅಲ್ಲಿಗೇ ಹೋಗಿ ಕೇಳಬೇಕು ಎಂದರು. ಮೇಷ್ಟ್ರು ಊರುಗಳನ್ನು ಕ್ರಮವಾಗಿ ಹೇಳಿ ಬರೆಸಿದರು. ರೈಲಿಗೆ ಅರಸೀಕೆರೆ. ಅಲ್ಲಿಂದ ಹಾರನಹಳ್ಳಿಗೆ ಹೋಗಿ ಬರುವುದು. ಆಮೇಲೆ ಜಾವಗಲ್, ಬೆಳವಾಡಿ ದಾರಿಯಲ್ಲಿ ಕೆಳಗಿಳಿದು ಬೇಲೂರು ಸೇರಿ, ಅಲ್ಲೇ ಬಿಡಾರ ಹೂಡಿ ಹಳೇಬೀಡಿಗೂ ದೊಡ್ಡಗದ್ದವಳ್ಳಿಗೂ ಹೋಗಿ ಬರುವುದು. ವಾಪಸು ಬರುವಾಗ ಚಿಕ್ಕಮಗಳೂರಿನ ಮೇಲೆ ಕಡೂರಿಗೆ ಬಸ್ಸು, ಕಡೂರಿನಲ್ಲಿ ರೈಲು. ರೈಲಿನದು ಬಿಟ್ಟರೆ ಹೋದ ದಾರಿಯಲ್ಲಿ ಮತ್ತೆ ಬರುವ ಹಾಗಿಲ್ಲ, ಎರಡಕ್ಕಿಂತ ಹೆಚ್ಚು ಕಡೆ ಗಂಟು ಬಿಚ್ಚುವ ಹಾಗಿಲ್ಲ. ಬಿಡಾರ ಬದಲಾದಷ್ಟೂ ಖರ್ಚು ಏರುತ್ತದೆ ಎಂಬ ಲೆಕ್ಕ ಅಮ್ಮನದು. ಈಗಲೂ ಯಾರಾದರೂ ಕೇಳಿದರೆ ನಾನು ಕೊಡುವುದು ಇದೇ ದಾರಿ.

ಅಪ್ಪನಿಗೆ ಖರ್ಚಿನ ಚಿಂತೆ ಇರಲಿಲ್ಲ. "ಮೂರು ಜನ ಹೆಂಗಸರೇ ಹೋಗ್ತೀರಾ?" ಅನ್ನುವುದೊಂದೇ ಅವರ ಪ್ರಶ್ನೆ. ದೊಡ್ಡಮ್ಮ ಕೈಯಲ್ಲಿದ್ದ ಮೊರ ಕೆಳಗಿಡದೆ ಹೇಳಿದರು: "ಹೊಲದಾಗೆ ರಾತ್ರಿ ನೀರು ಕಟ್ಟಾಕೆ ಒಬ್ಬಳೇ ಹೋಗ್ತೀನಿ. ದೇವಸ್ಥಾನಕ್ಕೆ ಮೂರು ಜನ ಸಾಲಲ್ವೇನಪ್ಪ?" ಅಪ್ಪ ಸುಮ್ಮನಾದರು. ಮಾರನೆಯ ದಿನ ತಾವೇ ಟಾರ್ಚಿಗೆ ಹೊಸ ಸೆಲ್ಲು ತಂದುಕೊಟ್ಟರು.

ಬುತ್ತಿಯ ಜವಾಬ್ದಾರಿ ಅಕ್ಕತಂಗಿಯರದು. ಒಣಗಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಉಪ್ಪಿನಕಾಯಿ, ಒಗ್ಗರಣೆ ಹಾಕಿದ ಮಂಡಕ್ಕಿ, ಮೊದಲ ದಿನಕ್ಕೆ ಬುತ್ತಿಯನ್ನ. ಹೋಟೆಲಿನಲ್ಲಿ ಮೊಸರು ಮಾತ್ರ ಕೊಳ್ಳುವುದು, ದಿನಕ್ಕೊಂದು ಊಟ ಹೊರಗೆ. ಇದರಿಂದ ಉಳಿದದ್ದು ದುಡ್ಡಷ್ಟೇ ಅಲ್ಲ. ಊಟದ ಹೊತ್ತಿಗೆ ಹೋಟೆಲು ಹುಡುಕಿಕೊಂಡು ದೇವಸ್ಥಾನ ಬಿಟ್ಟು ಹೊರಡುವ ಪ್ರಸಂಗವೇ ನಮಗೆ ಬರಲಿಲ್ಲ.

ಚಿಕ್ಕಜಾಜೂರು, ಅಜ್ಜಂಪುರ, ಬೀರೂರು, ಕಡೂರು, ಬಾಣಾವರ ದಾಟಿ ಗಾಡಿ ಅರಸೀಕೆರೆಗೆ ಬಂತು. ಬೆಂಗಳೂರು ಹುಬ್ಬಳ್ಳಿ ದಾರಿಗೆ ಹಾಸನ ಮೈಸೂರಿನ ದಾರಿ ಬಂದು ಕೂಡುವ ಜಂಕ್ಷನ್ ಅದು. ಎಷ್ಟೋ ಜನ ಆ ಪ್ಲಾಟ್‌ಫಾರಂನಲ್ಲಿ ಇಡ್ಲಿ ತಿಂದಿದ್ದಾರೆ, ಗಾಡಿ ಬದಲಿಸಿದ್ದಾರೆ, ಊರೊಳಗೆ ಕಾಲಿಟ್ಟಿಲ್ಲ. ಅಮ್ಮನ ಚಿಕ್ಕಪ್ಪನ ಮಗ ಅಲ್ಲಿ ರೈಲ್ವೆಯಲ್ಲಿದ್ದರು. ಕ್ವಾರ್ಟರ್ಸ್‌ನ ಎರಡೇ ಕೋಣೆಯಲ್ಲಿ ನಮಗೊಂದು ಬಿಟ್ಟುಕೊಟ್ಟರು. ಊರಿನ ತುಂಬ ತೆಂಗು, ಕೊಬ್ಬರಿ. ಮಂಡಿಗಳ ಮುಂದೆ ಹಾದರೆ ಒಣಕೊಬ್ಬರಿಯ ವಾಸನೆ ಮೂಗಿಗೆ ಅಡರುತ್ತದೆ. ಅಲ್ಲಿಂದ ತಿಪಟೂರಿನವರೆಗೆ ಹರಡಿರುವುದು ಈ ವ್ಯಾಪಾರದ ಸೀಮೆಯೇ.

ಅರಸೀಕೆರೆಯ ಈಶ್ವರ ದೇವಾಲಯದ ಹೆಸರು ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದ್ದು, 1220ರ ಸುಮಾರಿನದು. ಅದೇ ಹೊತ್ತಿಗೆ ಅವನ ಮಂತ್ರಿ ರೇಚರಸ ಅದೇ ಊರಿನಲ್ಲಿ ಸಹಸ್ರಕೂಟ ಜಿನಾಲಯ ಕಟ್ಟಿಸಿದ ಎಂದು ಶಾಸನ ಹೇಳುತ್ತದೆ. ಈಶ್ವರ ದೇವಾಲಯದ ಗರ್ಭಗುಡಿಯ ತಳವಿನ್ಯಾಸ ಹದಿನಾರು ಮೂಲೆಯ ನಕ್ಷತ್ರ. ಎದುರಿಗಿನ ತೆರೆದ ಮಂಟಪವೂ ನಕ್ಷತ್ರಾಕಾರದ್ದೇ, ಮೇಲೆ ಗುಮ್ಮಟದಂತೆ ಕೊರೆದ ದೊಡ್ಡ ಛತ್ತು. ಇದನ್ನೆಲ್ಲ ಮೇಷ್ಟ್ರು ಹೇಳಿಕೊಟ್ಟಿದ್ದರು. ದೊಡ್ಡಮ್ಮನಿಗೆ ನಕ್ಷತ್ರದ ಮಾತು ಹಿಡಿಸಲಿಲ್ಲ. ಗೋಡೆಗೆ ಅಂಗೈ ಊರಿ ಒಂದೊಂದೇ ಮೂಲೆ ಮುಟ್ಟುತ್ತ ಸುತ್ತು ಹಾಕಿದರು. ಮುಗಿಸಿ ಬಂದು, "ಒಂದು ಮೂಲೆ ಇದ್ದಂಗೆ ಇನ್ನೊಂದು ಇಲ್ಲವ್ವ. ಬಿಸಿಲು ಒಂದೊಂದರ ಮೇಲೆ ಒಂದೊಂದು ಥರ ಬೀಳ್ತೈತೆ" ಅಂದರು. ಹೊಯ್ಸಳ ಶಿಲ್ಪಿ ಗೋಡೆಯನ್ನು ಅಷ್ಟು ಮುರಿದು ಮುರಿದು ಕಟ್ಟಿದ್ದೇಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ಆಮೇಲೆ ಓದಿದ ಪುಸ್ತಕಗಳಲ್ಲೂ ನಾನು ಕಾಣಲಿಲ್ಲ. ಸಮತಟ್ಟಾದ ಗೋಡೆಗೆ ಒಂದೇ ಬೆಳಕು, ಒಂದೇ ನೆರಳು. ಮೂಲೆ ಮೂಲೆಯಾಗಿ ಮಡಿಚಿದ ಗೋಡೆಯಲ್ಲಿ ಇಡೀ ದಿನ ಬೆಳಕು ನಡೆದಾಡುತ್ತಿರುತ್ತದೆ.

ಹಾರನಹಳ್ಳಿ ಅರಸೀಕೆರೆಯಿಂದ ಎಂಟು ಕಿಲೋಮೀಟರ್ ಆಚೆ, ಬಸ್ಸಿನಲ್ಲಿ ಹತ್ತಿದ್ದೂ ಇಳಿದದ್ದೂ ಗೊತ್ತಾಗದಷ್ಟು ಹತ್ತಿರ. ಹದಿಮೂರನೆಯ ಶತಮಾನದ ಮೂವತ್ತರ ದಶಕದಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ಕೇಶವ ದೇವಾಲಯ ಅಲ್ಲಿದೆ. ಜೊತೆಗೆ ಸೋಮೇಶ್ವರನದೂ ಒಂದಿದೆ. ನಾವು ಹೋದಾಗ ಇಡೀ ಆವರಣದಲ್ಲಿ ಮೇಯುತ್ತಿದ್ದ ಎರಡು ಆಡು ಬಿಟ್ಟರೆ ನಾವೇ. ಕಾವಲಿನವರು ಬೀಗ ತೆಗೆದು, ಅಮ್ಮನ ಕೈಯ ಮಂಡಕ್ಕಿ ತಿನ್ನುತ್ತ, ತಮ್ಮ ಮಗಳ ಮದುವೆಯ ಸುದ್ದಿ ಹೇಳಿದರು. ಸಂಜೆ ಅರಸೀಕೆರೆಗೆ ಹತ್ತಿರದ ಮಾಲೇಕಲ್ಲು ತಿರುಪತಿಯ ಬೆಟ್ಟ. ಸಾವಿರಕ್ಕೂ ಮಿಕ್ಕಿದ ಮೆಟ್ಟಿಲನ್ನು ದೊಡ್ಡಮ್ಮ ಒಮ್ಮೆಯೂ ಕೂರದೆ ಹತ್ತಿದರು. ನಾನೂ ಅಮ್ಮನೂ ನಡುನಡುವೆ ಕೂತೆವು.

ಅರಸೀಕೆರೆಯಿಂದ ಜಾವಗಲ್‌ವರೆಗೆ ಒಂದು ಕೆಂಪು ಬಸ್ಸು. ಜಾವಗಲ್ ಈಗ ಎಲ್ಲರಿಗೂ ಗೊತ್ತಿರುವುದು ಶ್ರೀನಾಥರ ಬೌಲಿಂಗಿನಿಂದ. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ದುಡಿದ ಶಿಲ್ಪಿ ಮಲ್ಲಿತಮ್ಮನ ಹೆಸರು ಅಷ್ಟೇ ಬಾಯಿಗೆ ಬರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ನುಗ್ಗೇಹಳ್ಳಿ, ಸೋಮನಾಥಪುರದ ಮೂರ್ತಿಗಳ ಕೆಳಗೂ ತನ್ನ ಹೆಸರು ಬಿಟ್ಟುಹೋದವನು ಅವನು. ಜಾವಗಲ್‌ನಲ್ಲಿ ಚೀಲಗಳನ್ನು ಚಹಾದಂಗಡಿಯಲ್ಲಿಟ್ಟು ಒಂದು ಗಂಟೆಯಲ್ಲಿ ದೇವಸ್ಥಾನ ನೋಡಿ ಬಂದು, ಚಿಕ್ಕಮಗಳೂರಿನ ಬಸ್ಸು ಹತ್ತಿ ಬೆಳವಾಡಿಯಲ್ಲಿ ಇಳಿದೆವು.

ಬೆಳವಾಡಿಗಾಗಿಯೇ ಇನ್ನೊಂದು ದಿನ ಇಟ್ಟಿದ್ದರೆ ಚೆನ್ನಿತ್ತು. ವೀರನಾರಾಯಣ ದೇವಾಲಯ ಅಲ್ಲಿಯದು. ಇದೂ ಇಮ್ಮಡಿ ಬಲ್ಲಾಳನ ಕಾಲದ್ದೇ, 1200ರ ಆಸುಪಾಸಿನದು. ಮೂರು ಗರ್ಭಗುಡಿಗಳಲ್ಲಿ ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ. ಹೊರಗೆ ಬೇಲೂರಿನಷ್ಟು ಕೆತ್ತನೆಯಿಲ್ಲ, ಒಳಗೆ ಮಂಟಪದ ವಿಸ್ತಾರವೇ ಸೊಗಸು. ತಿರುಗಣಿಯಲ್ಲಿ ಕಡೆದ ಕಂಬಗಳು ಎಂಟು ಶತಮಾನ ಕಳೆದರೂ ಮುಖ ಕಾಣುವಷ್ಟು ನುಣುಪು. ಅಮ್ಮ ಒಂದು ಕಂಬದ ಮುಂದೆ ನಿಂತು ಹಣೆಯ ಕುಂಕುಮ ಸರಿಮಾಡಿಕೊಂಡರು. ಆಮೇಲೆ ಅದರ ಬುಡಕ್ಕೆ ಒರಗಿ ಕೂತು ರೊಟ್ಟಿಯ ಗಂಟು ಬಿಚ್ಚಲು ಹೋದವರು, ದೇವರ ಮುಂದೆ ಬೇಡವೆಂದು ಹೊರಗೆ ಕಲ್ಲಾನೆಗಳ ಹತ್ತಿರ ನೆರಳಿಗೆ ಬಂದರು.

ಬೇಲೂರು ತಲುಪಿದಾಗ ಕತ್ತಲಾಗುತ್ತಿತ್ತು. ಮೊದಲು ವಿಚಾರಿಸಿದ ಲಾಡ್ಜಿನಲ್ಲಿ, ಕೌಂಟರಿನವರು ನಮ್ಮ ಹಿಂದೆ ಬಾಗಿಲ ಕಡೆ ನೋಡುತ್ತ, "ಜೊತೇಲಿ ಗಂಡಸರು ಯಾರೂ ಬಂದಿಲ್ವಾ?" ಅಂದರು. ಇಲ್ಲ ಅಂದಮೇಲೆ ಕೋಣೆಗಳೆಲ್ಲ ತುಂಬಿವೆ ಅಂದರು. ಹಿಂದಿನ ಗೋಡೆಗೆ ಬೀಗದ ಕೈಗಳು ಸಾಲಾಗಿ ತೂಗುತ್ತಿದ್ದವು. ನನಗೆ ಕಣ್ಣು ತುಂಬಿತು, ಸಿಟ್ಟಿಗೆ. ದೊಡ್ಡಮ್ಮ ಏನೂ ಆಡಲಿಲ್ಲ. ದೇವಸ್ಥಾನದ ಬೀದಿಯಲ್ಲಿ ಹೂ ಕಟ್ಟುತ್ತಿದ್ದ ಹೆಂಗಸಿನ ಪಕ್ಕ ಹೋಗಿ ಕೂತು ತಾವೂ ಒಂದು ಮೊಳ ಕಟ್ಟಿಕೊಟ್ಟರು. ಐದು ನಿಮಿಷದಲ್ಲಿ ನಮಗೆ ಮನೆ ಸಿಕ್ಕಿತ್ತು. ಹಿಂದಿನ ಓಣಿಯಲ್ಲಿ, ಯಾತ್ರಿಕರಿಗೆ ಮುಂಬದಿಯ ಕೋಣೆ ಬಿಡುವ ಸಂಸಾರವೊಂದರ ಮನೆ. ಅಮ್ಮ ದಿನದ ಬಾಡಿಗೆ ಕೇಳಲಿಲ್ಲ. "ಇಷ್ಟು ದಿನ ಇರ್ತೀವಿ, ಒಟ್ಟಿಗೆ ಎಷ್ಟು ತಗೋತೀರ ಹೇಳಿ" ಅಂದರು. ಅರ್ಧಕ್ಕೆ ಅರ್ಧ ಇಳಿಯಿತು. ಬಚ್ಚಲ ಒಲೆಯ ಬಿಸಿನೀರೂ ಸೇರಿತ್ತು. "ನಮ್ಮಲ್ಲಿ ಒಂದಿನಕ್ಕೆ ಬಂದು ಹೋಗೋರೇ ಅಮ್ಮ, ನಿಮ್ಮಂಗೆ ಕೂತ್ಕೊಂಡು ನೋಡೋರು ಕಮ್ಮಿ" ಅಂದಳು ಮನೆಯಾಕೆ.

ಚನ್ನಕೇಶವನ ಗುಡಿಗೆ ನಾವು ಬೆಳಗಿನ ಪೂಜೆಯ ಹೊತ್ತಿಗೇ ಹೋಗುತ್ತಿದ್ದೆವು. ಟೂರ್ ಬಸ್ಸುಗಳು ಬರುವ ಮೊದಲು ಆ ಜಗತಿಯ ಮೇಲೆ ಊರಿನವರಷ್ಟೇ ಇರುತ್ತಾರೆ. ತಲಕಾಡಿನಲ್ಲಿ ಚೋಳರನ್ನು ಗೆದ್ದ ಮೇಲೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ವಿಜಯನಾರಾಯಣ ಅವನು. ಇವತ್ತಿಗೂ ನಿತ್ಯ ಪೂಜೆ ತಪ್ಪಿಲ್ಲ. ಗೈಡನ್ನು ಒಮ್ಮೆ ಮಾತ್ರ ಗೊತ್ತು ಮಾಡಿಕೊಂಡೆವು. ಗುಲಬರ್ಗಾದಿಂದ ಬಂದಿದ್ದ ಒಂದು ಕುಟುಂಬದ ಜೊತೆ ಸೇರಿ ಗೈಡಿನ ದುಡ್ಡು ಹಂಚಿಕೊಂಡೆವು. ಗೈಡು ಜಕಣಾಚಾರಿಯ ಕಥೆ ಹೇಳಿದರು, ಕಲ್ಲಿನೊಳಗಿನ ಕಪ್ಪೆಯ ಕಥೆ ಹೇಳಿದರು. ಹಲಸಿನ ಹಣ್ಣಿನ ಮೇಲೆ ಕೂತ ನೊಣ, ಅದನ್ನು ಹಿಡಿಯಲು ಹೊಂಚಿದ ಹಲ್ಲಿ ತೋರಿಸಿದರು. ಎಲ್ಲವನ್ನೂ ಇಷ್ಟಪಟ್ಟು ಕೇಳಿದೆವು. ಆದರೆ ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು ಮದನಿಕೆಯರ ಪೀಠದಲ್ಲಿ ಕೊರೆದ ನಿಜವಾದ ಹೆಸರುಗಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಳ್ಳಿಗಾವೆ ನಮ್ಮ ಪಕ್ಕದ ಶಿಕಾರಿಪುರ ಸೀಮೆಯದು. ಅಪ್ಪ ಮಗ ಇಬ್ಬರೂ ಅಲ್ಲಿಂದ ಹೊರಟು ಬೇಲೂರಿಗೆ ಬಂದು, ಬಳಪದ ಕಲ್ಲಿನ ಮುಂದೆ ಕೂತಿದ್ದರು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಕಲ್ಲು ಅದು. ಕೂದಲೆಳೆಯಷ್ಟು ಸಣ್ಣ ಕೆಲಸ ಅದರಲ್ಲಿ ಆಗುವುದು ಅದಕ್ಕೇ.

ಮದನಿಕೆಯರು ಒಟ್ಟು ನಲವತ್ತೆರಡು. ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು. ಕನ್ನಡಿ ಹಿಡಿದವಳು, ಗಿಣಿಯ ಜೊತೆ ಮಾತಿಗೆ ನಿಂತವಳು, ಬೇಟೆಗೆ ಹೊರಟವಳು ಎಲ್ಲರಿಗೂ ಗೊತ್ತು. ದೊಡ್ಡಮ್ಮ ಮುಖ ನೋಡಲಿಲ್ಲ, ಜಡೆ ನೋಡಿದರು. ಯಾರ ತುರುಬು ಹೇಗೆ ಸುತ್ತಿದೆ, ಯಾರದು ಸಡಿಲಾಗಿದೆ, ಡಾಬು ಎಷ್ಟೆಳೆಯದು, ತೋಳಬಂದಿ ಯಾವ ನಮೂನೆ. "ಈ ಡಾಬು ನಮ್ಮತ್ತೇರ ಹತ್ರ ಇತ್ತು ನೋಡು, ಬರಗಾಲದಾಗೆ ಮಾರಿದ್ರು" ಎಂದು ಅಮ್ಮನಿಗೆ ತೋರಿಸಿದರು. ಅಮ್ಮ ಕತ್ತೆತ್ತಿ ಬಹಳ ಹೊತ್ತು ನೋಡಿದರು. ಅಕ್ಕತಂಗಿಯರ ನಡುವೆ ಆ ಡಾಬಿನ ಮಾತು ಅಂದಿನವರೆಗೂ ಬಂದಿರಲಿಲ್ಲವಂತೆ. ಪಕ್ಕದ ಕಪ್ಪೆ ಚನ್ನಿಗರಾಯನ ಗುಡಿಯನ್ನು ರಾಣಿ ಶಾಂತಲೆ ಮಾಡಿಸಿದ್ದು ಎಂದಾಗ ದೊಡ್ಡಮ್ಮ ಅಲ್ಲಿ ಎರಡನೆಯ ಸಲ ಕೈ ಮುಗಿದರು.

ಹಳೇಬೀಡು ಬೇಲೂರಿನಿಂದ ಹದಿನಾರು ಕಿಲೋಮೀಟರ್. ಬಸ್ಸಿಗೆ ಕಾಯಬೇಕಾದದ್ದೇ ಇಲ್ಲ. ಅಲ್ಲಿನ ಹೊಯ್ಸಳೇಶ್ವರ ಗುಡಿಗೆ ಪ್ರವೇಶದರವೂ ಇಲ್ಲ. ಪಕ್ಕದ ವಸ್ತುಸಂಗ್ರಹಾಲಯಕ್ಕೆ ಮಾತ್ರ ಚಿಲ್ಲರೆ ಟಿಕೆಟ್ಟು, ಶುಕ್ರವಾರ ರಜೆ. ಮೇಷ್ಟ್ರು ಹೇಳಿದ್ದ ಗುಟ್ಟೊಂದಿತ್ತು. ಆ ಗುಡಿ ಪೂರ್ವಕ್ಕೆ ಮುಖ. ಬಾಗಿಲು, ನಂದಿ ಮಂಟಪಗಳೆಲ್ಲ ಬೆಳಗಿನ ಬಿಸಿಲಿಗೆ. ದೊಡ್ಡ ಮೂರ್ತಿಗಳು ತುಂಬಿರುವ ಹಿಂದಿನ ಗೋಡೆ ಪಶ್ಚಿಮಕ್ಕೆ, ಅದು ಬೆಳಗುವುದು ಮಧ್ಯಾಹ್ನ ಇಳಿದ ಮೇಲೆ. ಒಂದೇ ದಿನಕ್ಕೆ ಬರುವ ಬಸ್ಸು ಬೆಳಗ್ಗೆ ಬಂದರೆ ಹಿಂದಿನ ಗೋಡೆಗೆ ನೆರಳು, ಸಂಜೆ ಬಂದರೆ ಮುಂದಿನದಕ್ಕೆ ನೆರಳು. ನಾವು ಒಂದು ದಿನ ಬೆಳಗ್ಗೆ ಹೋದೆವು, ಮಾರನೆಯ ದಿನ ಊಟ ಮುಗಿಸಿ ಮಧ್ಯಾಹ್ನ ಹೋದೆವು. ಎರಡು ಬೇರೆ ದೇವಸ್ಥಾನ ನೋಡಿದ ಹಾಗಿತ್ತು.

ಆ ಗೋಡೆಯನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಕೆಳಗೆ ಆನೆಯ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ಪುರಾಣದ ಕಥೆಗಳು, ಆಮೇಲೆ ಮಕರ, ಹಂಸ. ಕಥೆಯ ಸಾಲು ಸೊಂಟದ ಎತ್ತರಕ್ಕೆ ಬರುತ್ತದೆ, ಅಂಗೈಯಷ್ಟೇ ಅಗಲ. ನಿಂತು ನೋಡಿದರೆ ಏನೂ ತಿಳಿಯದು. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು, ಮಂಡಿಯ ಮೇಲೆ ಕೈಯಿಟ್ಟು ಬಗ್ಗಿದರು. ಬಗ್ಗಿದವರು ಹಾಗೇ ಪಕ್ಕಕ್ಕೆ ಸರಿಯುತ್ತ ಹೋದರು. ಅವರ ಬಾಯಿಂದ ಕಥೆ ಹೊರಡತೊಡಗಿತು. "ಇವ ರಾವಣ, ಕೈಲಾಸ ಎತ್ತಾಕ್ ಹತ್ಯಾನೆ. ಮೇಲೆ ಶಿವಪಾರ್ವತಿ ಕುಂತಾರೆ ನೋಡು. ಇಲ್ಲಿ ಕೃಷ್ಣ ಗುಡ್ಡ ಹಿಡಿದಾನೆ, ದನಕರ ಎಲ್ಲಾ ಕೆಳಗೈದಾವೆ." ಒಂದು ಕಡೆ ಬಂದು ನಿಂತುಬಿಟ್ಟರು. ಸುತ್ತು ಸುತ್ತಾಗಿ ಸೈನಿಕರು, ನಡುವೆ ರಥ. "ಇದು ಚಕ್ರವ್ಯೂಹ ಕಣವ್ವ. ಒಳಗಿರೋನು ಅಭಿಮನ್ಯು." ಅವರು ನಾಲ್ಕು ಬೆರಳಿನಿಂದ ವ್ಯೂಹದ ಬಾಯಿ ಯಾವುದು ಎಂದು ತೋರಿಸಿದರು. ಕಲ್ಲು ಮುಟ್ಟದೆ, ಗಾಳಿಯಲ್ಲಿ. ಹರಿಹರದ ಬಯಲಾಟದಲ್ಲಿ ಅಭಿಮನ್ಯುವಿನ ಪಾತ್ರ ಯಾರು ಮಾಡುತ್ತಿದ್ದರು, ಯಾವ ಪದಕ್ಕೆ ಜನ ಅಳುತ್ತಿದ್ದರು ಎಂದು ಹೇಳುತ್ತಿದ್ದಾಗ ಹಿಂದೆ ಜನ ಸೇರಿದ್ದರು. ಕಾಲೇಜು ಹುಡುಗರು, ತಮಿಳುನಾಡಿನಿಂದ ಬಂದ ಗಂಡಹೆಂಡತಿ. ಅವರಿಗೆ ಕನ್ನಡ ಬಾರದಿದ್ದರೂ ಅಭಿಮನ್ಯು ಎಂಬ ಹೆಸರು ಸಾಕಾಯಿತು. ಶಾಲೆಯ ಪ್ರವಾಸದಲ್ಲಿ ನನ್ನನ್ನು ಕೇಳಿದ ಹುಡುಗಿಗೆ ಆ ದಿನ ಬೇಕಾಗಿದ್ದ ಟೀಚರು ದೊಡ್ಡಮ್ಮ.

ಅಕ್ಷರ ಬಂದ ನಾನು ಫಲಕ ಓದುತ್ತಿದ್ದೆ. ದಂಡನಾಯಕ ಕೇತಮಲ್ಲ, 1121, ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ಇವೂ ಬೇಕು. ಬಿ. ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟ ಹೊರತರದಿದ್ದರೆ, ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ಮೇಲೆ, ದೊಡ್ಡಗದ್ದವಳ್ಳಿಯ ಮೇಲೆ ಪುಸ್ತಕ ಬರೆಯದಿದ್ದರೆ ನಮ್ಮ ಮೇಷ್ಟ್ರಿಗೂ ಹೇಳಲು ಏನಿರುತ್ತಿತ್ತು? ಆದರೆ ಆ ಗೋಡೆಯನ್ನು ಕೊರೆದದ್ದು ದೊಡ್ಡಮ್ಮನಂಥವರಿಗಾಗಿ. ಕಥೆ ಮೊದಲೇ ಗೊತ್ತಿದ್ದು, ಗುರುತು ಹಿಡಿಯುವ ಸಂತೋಷಕ್ಕೆ ಬರುವವರಿಗಾಗಿ. ಇದನ್ನು ನಾನು ಆ ಮಧ್ಯಾಹ್ನವೇ ನಂಬಿದೆ, ಈಗಲೂ ನಂಬುತ್ತೇನೆ.

ಆವರಣದಲ್ಲೇ ಇರುವ ಗರುಡಗಂಬದ ಹತ್ತಿರ ಮಾತ್ರ ದೊಡ್ಡಮ್ಮನಿಗೆ ಕಥೆ ಗೊತ್ತಿರಲಿಲ್ಲ, ನಾನು ಹೇಳಿದೆ. ಇಮ್ಮಡಿ ಬಲ್ಲಾಳನ ಸೇನಾನಿ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಅವರ ಸಂಗಡಿಗರು, ದೊರೆಯ ಜೊತೆಗೇ ಸಾಯುತ್ತೇವೆಂದು ಮಾತು ಕೊಟ್ಟಿದ್ದ ಗರುಡರು. ಬಲ್ಲಾಳ ತೀರಿಕೊಂಡಾಗ ಎಲ್ಲರೂ ಪ್ರಾಣ ಕೊಟ್ಟರು. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಕೆತ್ತನೆಯಿದೆ. ದೊಡ್ಡಮ್ಮ ಕೇಳಿದ್ದು ಒಂದೇ: "ಆ ಹೆಣ್ಮಗಳನ್ನ ಯಾರಾದ್ರೂ ಕೇಳಿದ್ರಾ?" ನನ್ನ ಹತ್ತಿರ ಉತ್ತರವಿರಲಿಲ್ಲ. ಶಾಸನದ ಹತ್ತಿರವೂ ಅದಕ್ಕೆ ಉತ್ತರವಿದೆ ಎಂದು ನನಗೆ 
ಅನ್ನಿಸುವುದಿಲ್ಲ. ನಾಡಿನ ಹೆಮ್ಮೆಯೆಂದು ತರಗತಿಯಲ್ಲಿ ಆ ಕಂಬದ ಪಾಠ ಮಾಡುವಾಗಲೆಲ್ಲ ಅಲ್ಲಿಂದ ಮುಂದೆ ಈ ಪ್ರಶ್ನೆಯನ್ನೂ ಮಕ್ಕಳ ಮುಂದಿಟ್ಟಿದ್ದೇನೆ.

ಬಸ್ತಿಹಳ್ಳಿಯ ಬಸದಿಗಳಿಗೆ, ಕೇದಾರೇಶ್ವರಕ್ಕೆ ಅಲ್ಲಿಂದ ನಡೆದೇ ಹೋಗಬಹುದು. ಟೂರ್ ಬಸ್ಸುಗಳು ಅಲ್ಲಿಗೆ ಬರುವುದು ಅಪರೂಪ. ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆ 1133ರಲ್ಲಿ ಕಟ್ಟಿಸಿದ. ಅದರ ಪ್ರಸಾದ ಕೈಗೆ ಬಂದ ಹೊತ್ತಿಗೇ ವಿಷ್ಣುವರ್ಧನನಿಗೆ ಯುದ್ಧ ಗೆದ್ದ ಸುದ್ದಿಯೂ ಮಗ ಹುಟ್ಟಿದ ಸುದ್ದಿಯೂ ಬಂದು, ದೇವರಿಗೆ ವಿಜಯಪಾರ್ಶ್ವ ಎಂದೂ ಮಗುವಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟನಂತೆ. ಬಸದಿಯೊಳಗಿನ ತಂಪಿನಲ್ಲಿ ಅಮ್ಮ ಒಂದು ಗಳಿಗೆ ಕಣ್ಣು ಮುಚ್ಚಿದರು. ಎಬ್ಬಿಸಲು ಯಾರೂ ಬರಲಿಲ್ಲ. ಕೇದಾರೇಶ್ವರ ಇಮ್ಮಡಿ ಬಲ್ಲಾಳ ಮತ್ತು ಅವನ ರಾಣಿ ಕೇತಲದೇವಿ ಕಟ್ಟಿಸಿದ್ದು. ಚಿಕ್ಕದು, ಹಾಳಾಗಿ ಮತ್ತೆ ಜೋಡಿಸಿದ್ದು. ಹೊಯ್ಸಳರ ರಾಜಧಾನಿಯಾಗಿದ್ದಾಗ ಹಳೇಬೀಡಿನ ಹೆಸರು ದೋರಸಮುದ್ರ. ಅಲ್ಲಿನ ಕೆರೆಯ ಮೇಲಿನ ಗಾಳಿಗೆ ಕೂತು ದಿಲ್ಲಿಯ ಮಲಿಕ್ ಕಾಫೂರನ ದಂಡು 1311ರಲ್ಲಿ ಇಲ್ಲಿಗೆ ಬಂದದ್ದನ್ನು ನಾನು ಹೇಳಿದೆ. ಅಷ್ಟು ದೊಡ್ಡ ರಾಜಧಾನಿ ಈಗ ಜೋಳ, ರಾಗಿ ಬೆಳೆಯುವ ಊರು. ದೊಡ್ಡಮ್ಮನಿಗೆ ಅದರಲ್ಲಿ ದುಃಖಪಡುವಂಥದ್ದೇನೂ ಕಾಣಲಿಲ್ಲ. ಹೊಲ ಚೆನ್ನಾಗಿದೆ, ಕೆರೆಯಲ್ಲಿ ನೀರಿದೆ ಅಂದರು.

ದೊಡ್ಡಗದ್ದವಳ್ಳಿಗೆ ಹಾಸನದ ಬಸ್ಸಿನಲ್ಲಿ ಹೋಗಿ ಮುಖ್ಯರಸ್ತೆಯಲ್ಲಿ ಇಳಿದು ಒಳಗೆ ನಡೆದೆವು. ಕುಲ್ಲಹಣ ರಾಹುತ ಎಂಬ ವ್ಯಾಪಾರಿ, ಅವನ ಹೆಂಡತಿ ಸಹಜಾದೇವಿ ಸೇರಿ ಬೇಲೂರಿಗಿಂತಲೂ ಮೊದಲು, 1114ರ ಹೊತ್ತಿಗೆ ಕಟ್ಟಿಸಿದ ಲಕ್ಷ್ಮೀದೇವಿಯ ಗುಡಿ. ನಾಲ್ಕು ಗರ್ಭಗುಡಿ. ಕಾಳಿಯ ಬಾಗಿಲಲ್ಲಿ ಎಲುಬುಗೂಡಿನ ಬೇತಾಳಗಳು. ರಾಜನಲ್ಲದವನು ತನ್ನ ಹೆಸರಿನ ಜೊತೆಗೆ ಹೆಂಡತಿಯ ಹೆಸರನ್ನೂ ಬರೆಸಿದ್ದು ಅಮ್ಮನಿಗೆ ಬಹಳ ಹಿಡಿಸಿತು.

ಹೊರಡುವ ಹಿಂದಿನ ರಾತ್ರಿ ಅಮ್ಮ ಖರ್ಚಿನ ಹಾಳೆ ಬಿಚ್ಚಿದರು. ದೊಡ್ಡ ಬಾಬತ್ತು ಕೋಣೆಯ ಬಾಡಿಗೆ, ಆಮೇಲೆ ಬಸ್ ಚಾರ್ಜು, ಆಮೇಲೆ ಊಟ, ಗೈಡಿನದು, ಹೂವು ಕಾಯಿ. ಮೂವರ ಒಟ್ಟು ಖರ್ಚು ಕಾರಿನವನು ಒಂದು ದಿನಕ್ಕೆ ಕೇಳಿದ್ದಕ್ಕಿಂತ ಕಡಿಮೆಯಿತ್ತು. ದುಡ್ಡು ಉಳಿದಿತ್ತು. ಶ್ರವಣಬೆಳಗೊಳಕ್ಕೂ ಹೋಗಿ ಬರೋಣ ಎಂದು ನಾನು, ಒಂದು ಸೀರೆ ಕೊಳ್ಳೋಣ ಎಂದು ಅಮ್ಮ. ದೊಡ್ಡಮ್ಮ ಒಪ್ಪಲಿಲ್ಲ. "ಆ ಗೋಡೆ ಪೂರಾ ಆಗಿಲ್ಲ. ನಾನು ಅರ್ಧಕ್ಕೇ ಬಿಟ್ಟು ಬಂದೀನಿ" ಅಂದರು. ಮಾರನೆಯ ದಿನ ಊರಿನ ದಾರಿ ಹಿಡಿಯುವ ಬದಲು ಮತ್ತೆ ಹಳೇಬೀಡಿನ ಬಸ್ಸು ಹತ್ತಿದೆವು. ಬಾಗಿಲು ತೆಗೆದಾಗಿನಿಂದ ಸಂಜೆಯವರೆಗೆ ಅವರು ಉಳಿದ ಗೋಡೆ ಓದಿ ಮುಗಿಸಿದರು. ಗುರುತು ಸಿಗದ ಕಥೆ ಬಂದಾಗ ಮುಂದೆ ಹೋಗಿ, ತಿರುಗಿ ಬಂದು, ಮತ್ತೆ ನೋಡುತ್ತಿದ್ದರು. ಕಾವಲಿನವರು ಅವರಿಗೆ ಕುಡಿಯಲು ನೀರು ತಂದುಕೊಟ್ಟರು.

ದೊಡ್ಡಮ್ಮ ಈಗಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಅಮ್ಮ ಟೀವಿಯಲ್ಲಿ ನೋಡಿ, "ಅಕ್ಕ ಇರಬೇಕಿತ್ತು" ಅಂದರು. ಸೇರಬೇಕಾದದ್ದೇ, ಬಹಳ ತಡವಾಗಿಯೇ ಸೇರಿತು. ಅರಸೀಕೆರೆ, ಹಾರನಹಳ್ಳಿ, ಬೆಳವಾಡಿ, ದೊಡ್ಡಗದ್ದವಳ್ಳಿ ಆ ಪಟ್ಟಿಯಲ್ಲಿಲ್ಲ. ಪಟ್ಟಿ ಹಿಡಿದು ಬರುವವರು ಅಲ್ಲಿಗೂ ಹೋಗಲಿ ಎಂದು ನನ್ನ ಆಸೆ. ಅದೇ ವರ್ಷ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾಯಿತು. ನಮ್ಮ ಹಾಳೆಯ ಎರಡನೆಯ ಬಾಬತ್ತೇ ಹೊರಟುಹೋಯಿತು. ಹಾಸನದ ಬಸ್ಸುಗಳಲ್ಲಿ ಈಗ ಹೆಂಗಸರ ಗುಂಪುಗಳು ತಾವಾಗಿಯೇ ಹೊರಟಿರುವುದನ್ನು ಕಂಡಾಗ ನನಗೆ ಎಷ್ಟು ಸಂತೋಷವಾಗುತ್ತದೆಂದು ಹೇಳಲಾರೆ. ಅವರ ಜೊತೆ ಗಂಡಸರು ಯಾರಾದರೂ ಇದ್ದಾರೆಯೇ ಎಂದು ಕಂಡಕ್ಟರ್ ಕೇಳುವುದಿಲ್ಲ, ಆಧಾರ್ ತೋರಿಸಿ ಎನ್ನುತ್ತಾರೆ, ಅಷ್ಟೇ.

ಹೋದ ವರ್ಷ ತಂಗಿಯ ಮಗಳು ಗೆಳತಿಯರ ಜೊತೆ ಹೊರಟಳು. ಒಂದೇ ದಿನಕ್ಕೆ ಎಂದು ಹೊರಟವಳ ಕೈಗೆ ಆ ನಾಲ್ಕು ಹಾಳೆಯ ನಕಲು ಕೊಟ್ಟೆ. ಮೂರನೆಯ ದಿನ ಬೆಳವಾಡಿಯಿಂದ ಫೋನು ಬಂತು. ಇಲ್ಲಿ ಕಂಬದ ಹತ್ತಿರ ಕೂತು ಹೊತ್ತು ಹೋದದ್ದೇ ತಿಳಿಯಲಿಲ್ಲ ದೊಡ್ಡಮ್ಮ, ಹಳೇಬೀಡಿಗೆ ಈಗ ಹೊರಟರೆ ಏನಾದರೂ ಸಿಗುತ್ತದೆಯೇ ಎಂದಳು. ಇವತ್ತು ಬೇಡ, ಸೀದಾ ಬೇಲೂರಿಗೆ ಹೋಗಿ ಮಲಗಿ ಅಂದೆ. ನಾಳೆ ಶುಕ್ರವಾರ, ಮ್ಯೂಸಿಯಂ ಇರುವುದಿಲ್ಲ, ಬೆಳಗ್ಗೆ ಬಸದಿ ಮುಗಿಸಿಕೊಳ್ಳಿ, ಹಿಂದಿನ ಗೋಡೆಗೆ ಮೂರು ಗಂಟೆಯ ಮೇಲೆ ಹೋಗಿ, ನಿಂತು ನೋಡಬೇಡಿ, ಬಗ್ಗಿ ನೋಡಿ ಎಂದೂ ಹೇಳಿದೆ.